ಫ್ರಾನ್ಸಿನ ಹಳ್ಳಿಯಲ್ಲಿ ಹಳೇ ಕಲ್ಲುಮನೆ: ಕರಾರಿಗೆ ಸಹಿ ಹಾಕುವ ಮುಂಚೆ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ನಮ್ಮ ಯಜಮಾನರು ಟುಲೂಜ್‌ನಲ್ಲಿ ವಿಮಾನ ತಯಾರಿಕೆಯ ಕಂಪನಿಯೊಂದರಲ್ಲಿ ಎಂಜಿನಿಯರ್, ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. 8 ಮತ್ತು 4 ವರ್ಷದ ಇಬ್ಬರು ಮಕ್ಕಳು. ತಾರ್ನ್ ಜಿಲ್ಲೆಯಲ್ಲಿ, ಗಾಯಾಕ್ ಮತ್ತು ಕೋರ್ದ್ ನಡುವೆ ಸುಮಾರು 400 ಜನರಿರುವ ಒಂದು ಕಮ್ಯೂನ್‌ನಲ್ಲಿ (ಅಲ್ಲಿನ ಊರಾಡಳಿತದ ಘಟಕ) ಹಳೆಯ ಕಲ್ಲುಮನೆ ನೋಡಿದ್ದೇವೆ. ಮನೆ 110 ಚದರ ಮೀಟರ್, ಐದು ಕೋಣೆ. ಪಕ್ಕದಲ್ಲೇ 90 ಚದರ ಮೀಟರಿನ ಹುಲ್ಲಿನ ಕೊಟ್ಟಿಗೆ. ಜಾಗ 2,200 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 22 ಗುಂಟೆ. 1,45,000 ಯೂರೋ ಹೇಳುತ್ತಿದ್ದಾರೆ. ಕೊಟ್ಟಿಗೆಯನ್ನು ಎರಡು ಕೋಣೆಯ ಮನೆ ಮಾಡಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಆಸೆ. "ಮೇಯರ್ ಒಳ್ಳೆಯವರು, ಪರ್ಮಿಷನ್ ಆಗಿಯೇ ಆಗುತ್ತದೆ" ಎಂದು ಮಾರುವವರು ಹೇಳುತ್ತಾರೆ. ಇನ್ನೊಬ್ಬರು "ಮೊದಲು ಕಟ್ಟಿಕೊಳ್ಳಿ, ಆಮೇಲೆ ಸಕ್ರಮ ಮಾಡಿಸಿಕೊಳ್ಳಿ" ಎಂದರು. ಸೆಪ್ಟಿಕ್ ಟ್ಯಾಂಕ್ ಹಳೆಯದು, ಆದರೆ "ನಲವತ್ತು ವರ್ಷದಿಂದ ತೊಂದರೆ ಕೊಟ್ಟಿಲ್ಲ" ಅನ್ನುತ್ತಾರೆ. ಉತ್ತರದ ಗೋಡೆ ಒಳಗಡೆ ಸೊಂಟದ ಎತ್ತರದವರೆಗೆ ಶೀತ ಹಿಡಿದಿದೆ. ಊರಿನ ಶಾಲೆ ಪಕ್ಕದ ಊರಿನ ಜೊತೆ ಸೇರಿ ನಡೆಯುತ್ತಿದೆ, ಮುಚ್ಚುತ್ತಾರೆ ಎಂಬ ಮಾತೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟು ಸಣ್ಣ ಊರಿನಲ್ಲಿ ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ? ಮುಂದಿನ ವಾರ ಕರಾರಿಗೆ ಸಹಿ ಹಾಕಿ ಎಂದು ಏಜೆಂಟರು ಒತ್ತಾಯಿಸುತ್ತಿದ್ದಾರೆ.

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು, ಆದರೆ ಅಳುಕು ಒಂದೇ. ಊರಿನವರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಇಷ್ಟು ದುಡ್ಡು ಹಾಕಬಹುದೇ ಎಂಬುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆ ಬಿಡುವಂಥದ್ದಲ್ಲ. ಆದರೆ ಕೊಟ್ಟಿಗೆಯನ್ನು ಮನೆ ಎಂದು ಎಣಿಸಿ ಬೆಲೆ ಕಟ್ಟಬೇಡಿ. ಕೊಳಚೆ ವ್ಯವಸ್ಥೆಯ ತಪಾಸಣಾ ವರದಿ ಮತ್ತು ಅದನ್ನು ಸರಿಪಡಿಸುವ ಕೆಲಸದ ಲಿಖಿತ ಅಂದಾಜು, ಈ ಎರಡು ಕಾಗದ ಕೈಗೆ ಬರುವವರೆಗೆ ಸಹಿ ಹಾಕಬೇಡಿ. ಮುಂದಿನ ವಾರ ಎರಡೂ ಸಿಗುವುದಿಲ್ಲ. ಹಾಗಾಗಿ ಏಜೆಂಟರ ಅವಸರಕ್ಕೆ ನೀವು ಕುಣಿಯಬೇಕಾಗಿಲ್ಲ.

ಮೇಯರ್ ವಿಷಯ ಮೊದಲು. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ. ಪ್ಯಾರಿಸ್ ಕೂಡ ಒಂದು ಕಮ್ಯೂನೇ, ನಿಮ್ಮ 400 ಜನರ ಊರೂ ಒಂದು ಕಮ್ಯೂನೇ. 100ರಿಂದ 499 ಜನರಿರುವ ಊರಿಗೆ 11 ಸದಸ್ಯರ ಸಭೆ, ಅವಧಿ 6 ವರ್ಷ. ಸದಸ್ಯರು ತಮ್ಮೊಳಗೆ ಒಬ್ಬರನ್ನು ಮೇಯರ್ ಆಗಿ ಆರಿಸುತ್ತಾರೆ. ಇಷ್ಟು ಕೇಳಿದರೆ ನಮ್ಮ ಗ್ರಾಮ ಪಂಚಾಯಿತಿಯ ಹಾಗೆಯೇ ಕಾಣುತ್ತದೆ. ಆದರೆ ಫ್ರೆಂಚ್ ಮೇಯರ್ ಊರಿನ ಪ್ರತಿನಿಧಿಯೂ ಹೌದು, ಸರ್ಕಾರದ ಅಧಿಕಾರಿಯೂ ಹೌದು. ಮದುವೆ ಮಾಡಿಸುವುದು, ಜನನ ಮರಣ ನೋಂದಣಿ, ಮತದಾರರ ಪಟ್ಟಿ, ಊರಿನ ರಸ್ತೆ, ಸ್ಮಶಾನ, ಪ್ರಾಥಮಿಕ ಶಾಲೆಯ ಕಟ್ಟಡ ಎಲ್ಲ ಅವರ ಕೈಯಲ್ಲಿವೆ. 1905ಕ್ಕೆ ಮುಂಚೆ ಕಟ್ಟಿದ ಚರ್ಚ್ ಕಟ್ಟಡ ಕೂಡ ಸಾಮಾನ್ಯವಾಗಿ ಕಮ್ಯೂನ್‌ನ ಆಸ್ತಿ, ಅದರ ಹೆಂಚು ಒಡೆದರೆ ದುರಸ್ತಿ ಊರಿನ ಖರ್ಚು. ಕಟ್ಟಡ ಪರವಾನಗಿಗೆ ಸಹಿ ಹಾಕುವವರೂ ಅವರೇ.

ಗೊಂದಲ ಹುಟ್ಟುವುದು ಆ ಸಹಿಯ ಬಗ್ಗೆ. ಅಷ್ಟು ಸಣ್ಣ ಊರಿನಲ್ಲಿ ಕಡತ ಪರಿಶೀಲಿಸುವುದು ಹಲವು ಕಮ್ಯೂನ್‌ಗಳು ಸೇರಿ ಇಟ್ಟುಕೊಂಡ ಕಚೇರಿ. ಊರಿಗೆ ತನ್ನದೇ ಯೋಜನಾ ನಕ್ಷೆ ಇಲ್ಲದಿದ್ದರೆ ರಾಷ್ಟ್ರೀಯ ನಿಯಮ ಅನ್ವಯಿಸುತ್ತದೆ. ಆಗ ಜಿಲ್ಲೆಯ ಪ್ರಿಫೆ, ಅಂದರೆ ಸರ್ಕಾರದ ಪ್ರತಿನಿಧಿ, ಬೇಡ ಎಂದರೆ ಮೇಯರ್ ಹೂಂ ಎನ್ನುವಂತಿಲ್ಲ. ಊರಿನ ಚರ್ಚೋ ಕೋಟೆಯೋ ಸಂರಕ್ಷಿತ ಸ್ಮಾರಕವಾಗಿದ್ದು ನಿಮ್ಮ ಮನೆ ಅದರ 500 ಮೀಟರ್ ವ್ಯಾಪ್ತಿಯೊಳಗಿದ್ದರೆ ಸರ್ಕಾರಿ ಸ್ಮಾರಕ ವಾಸ್ತುಶಿಲ್ಪಿಯ ಮಾತೂ ಸೇರುತ್ತದೆ, ಕಿಟಕಿಯ ಬಣ್ಣ ಮತ್ತು ಹೆಂಚಿನ ಜಾತಿಯವರೆಗೆ. ಹಾಗಾಗಿ "ಮೇಯರ್ ಒಳ್ಳೆಯವರು" ಎನ್ನುವುದು ನಿಜವೇ ಇರಬಹುದು. ಸಣ್ಣ ಊರಿನ ಮೇಯರ್‌ಗಳಲ್ಲಿ ಬಹುಪಾಲು ಜನ ಅಲ್ಪ ಗೌರವಧನಕ್ಕೆ ಹಗಲುರಾತ್ರಿ ದುಡಿಯುವವರು, ನನಗೆ ಅವರ ಬಗ್ಗೆ ದೊಡ್ಡ ಗೌರವವಿದೆ. ಆದರೆ ಅವರ ಒಳ್ಳೆಯತನ ಪರವಾನಗಿ ಆಗುವುದಿಲ್ಲ. ಅವಧಿ ಮುಗಿದು ಬೇರೆಯವರು ಬಂದರೆ ಬಾಯಿಮಾತು ಅಲ್ಲಿಗೇ ಮುಗಿಯಿತು.

ಇನ್ನು ಕೊಟ್ಟಿಗೆ. ಗೋಡೆ ಇದೆ, ಮಾಡು ಇದೆ, ಒಳಗೆ ಏನು ಬೇಕಾದರೂ ಮಾಡಿಕೊಳ್ಳಬಹುದು ಎಂಬ ನಂಬಿಕೆ ಎಲ್ಲ ಕಡೆ ಇದೆ, ಅದು ತಪ್ಪು. ಕೃಷಿ ಕಟ್ಟಡವನ್ನು ವಾಸದ ಮನೆ ಮಾಡುವುದು ಬಳಕೆಯ ಬದಲಾವಣೆ. ಹೊಸದಾಗಿ ಬಾಗಿಲು, ಕಿಟಕಿ ಒಡೆಯುವುದಿದ್ದರೆ ಅಥವಾ ತೊಲೆ, ಆಧಾರದ ಗೋಡೆ ಮುಟ್ಟುವುದಿದ್ದರೆ ಪೂರ್ತಿ ಕಟ್ಟಡ ಪರವಾನಗಿಯೇ ಬೇಕು. ಹುಲ್ಲಿನ ಕೊಟ್ಟಿಗೆಗೆ ಕಿಟಕಿಯೇ ಇರುವುದಿಲ್ಲವಾದ್ದರಿಂದ ನಿಮಗೆ ಅದು ಬೇಕೇಬೇಕು. ಮನೆಯೂ ಕೊಟ್ಟಿಗೆಯೂ ಸೇರಿ 150 ಚದರ ಮೀಟರ್ ದಾಟುವುದರಿಂದ ನಕ್ಷೆಗೆ ಆರ್ಕಿಟೆಕ್ಟ್ ಸಹಿಯೂ ಬೇಕಾಗುವ ಸಂಭವವೇ ಹೆಚ್ಚು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ನೋಡಬೇಕಾದದ್ದು ಜಾಗ ಯಾವ ವಲಯದಲ್ಲಿದೆ ಎಂಬುದನ್ನು. ಸರ್ಕಾರದ "ಜಿಯೋಪೋರ್ತಾಯ್ ದ ಲುರ್ಬನಿಸ್ಮ್" ಜಾಲತಾಣದಲ್ಲಿ ನಕ್ಷೆ ಉಚಿತವಾಗಿ ಸಿಗುತ್ತದೆ. ಕೃಷಿ ವಲಯವಾಗಿದ್ದರೆ ಸಾಮಾನ್ಯವಾಗಿ ನಿಮ್ಮ ಕೊಟ್ಟಿಗೆಯನ್ನೇ ಬೆರಳಿಟ್ಟು ತೋರಿಸಿದಂತೆ ನಕ್ಷೆಯಲ್ಲಿ ಗುರುತು ಮಾಡಿರಬೇಕು. ಪಕ್ಕದ ಕೊಟ್ಟಿಗೆಗೆ ಗುರುತಿದ್ದು ನಿಮ್ಮದಕ್ಕೆ ಇಲ್ಲದಿದ್ದರೆ ಪಕ್ಕದ್ದು ಆಗಬಹುದು, ನಿಮ್ಮದು ಸಾಮಾನ್ಯವಾಗಿ ಆಗುವುದಿಲ್ಲ. ಗುರುತಿದ್ದರೂ ಪರವಾನಗಿಯ ಹಂತದಲ್ಲಿ ಕೃಷಿಭೂಮಿ ಸಂರಕ್ಷಣೆಯ ಜಿಲ್ಲಾ ಸಮಿತಿ ಒಪ್ಪಬೇಕು, ಆ ಸಮಿತಿಯ ಅಭಿಪ್ರಾಯವನ್ನು ಮೇಯರ್ ಮೀರುವಂತಿಲ್ಲ. ಗುರುತೇ ಇಲ್ಲದಿದ್ದರೆ ಸಾಮಾನ್ಯವಾಗಿ ಯೋಜನಾ ನಕ್ಷೆ ತಿದ್ದುಪಡಿ ಆಗುವವರೆಗೆ ಕಾಯಬೇಕು. ಅದು ತಿಂಗಳಲ್ಲಿ ಆಗುವ ಕೆಲಸವಲ್ಲ, ವರ್ಷಗಳು ಹಿಡಿಯುತ್ತವೆ.

ವಲಯ ಸರಿಯಿದ್ದೂ ಅರ್ಜಿ ಬಿದ್ದುಹೋಗುವುದು ಬಹಳ ಸಲ ಎರಡು ಕಾರಣಕ್ಕೆ. ಎರಡನ್ನೂ ಮಾರುವವರು ಹೇಳುವುದಿಲ್ಲ, ಅವರಿಗೆ ಗೊತ್ತಿರುವುದೂ ಇಲ್ಲ. ಒಂದು ಬೆಂಕಿ ನಂದಿಸುವ ನೀರು. ಮನೆಯಿಂದ ಇಷ್ಟು ದೂರದೊಳಗೆ ಅಗ್ನಿಶಾಮಕದವರು ಬಳಸಬಹುದಾದ ನಲ್ಲಿಯೋ ತೊಟ್ಟಿಯೋ ಇರಬೇಕು ಎಂದು ಪ್ರತಿ ಜಿಲ್ಲೆಯ ನಿಯಮವಿದೆ. ಸಾಮಾನ್ಯವಾಗಿ ಅದು 200ರಿಂದ 400 ಮೀಟರ್. ಆ ಅಳತೆಯನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಹಾಕಬೇಡಿ, ಅಗ್ನಿಶಾಮಕ ವಾಹನ ಹೋಗಬಹುದಾದ ದಾರಿಯ ಮೇಲೆ ಲೆಕ್ಕ ಹಾಕಿ. ಆ ನಲ್ಲಿಯ ಕೆಂಪು ಕಂಬ ಎಲ್ಲಿದೆ ಎಂದು ನೀವೇ ನಡೆದು ನೋಡಿಕೊಂಡು ಬನ್ನಿ. ಎರಡನೆಯದು ಜಾನುವಾರು. ನೆರೆಯ ರೈತರ ದನದ ಕೊಟ್ಟಿಗೆ, ಗೊಬ್ಬರದ ಗುಂಡಿ ಹತ್ತಿರವಿದ್ದರೆ, ಆ ಸಾಕಣೆಯ ಗಾತ್ರ ನೋಡಿ 50 ಅಥವಾ 100 ಮೀಟರ್ ಅಂತರ ಬಿಡಬೇಕು. ಮನೆಗಳಿಂದ ರೈತ ದೂರವಿರಬೇಕು ಎಂಬ ನಿಯಮ ತಿರುಗಿ ಹೊಸದಾಗಿ ಮನೆ ಮಾಡುವವರಿಗೂ ಅನ್ವಯಿಸುತ್ತದೆ. ಇದು ನ್ಯಾಯವೇ. ಇಲ್ಲದಿದ್ದರೆ ನಾಳೆ ನಿಮ್ಮ ಬಾಡಿಗೆದಾರರ ದೂರಿನಿಂದ ಆ ರೈತ ಕೊಟ್ಟಿಗೆ ದೊಡ್ಡದು ಮಾಡಲಾಗದೆ ಕೂರಬೇಕಾಗುತ್ತದೆ.

ಇದಕ್ಕೆಲ್ಲ ಒಂದೇ ಕಾಗದದಲ್ಲಿ ಉತ್ತರ ಪಡೆಯುವ ದಾರಿ ಇದೆ. "ಸರ್ತಿಫಿಕಾ ದುರ್ಬನಿಸ್ಮ್" ಎಂಬ ಪ್ರಮಾಣಪತ್ರದಲ್ಲಿ ಎರಡು ಬಗೆ. ನಿಯಮವನ್ನಷ್ಟೇ ತಿಳಿಸುವುದು ಒಂದು ತಿಂಗಳಲ್ಲಿ ಬರುತ್ತದೆ. "ಇಂಥ ಜಾಗದಲ್ಲಿ ಇಂಥ ಕೆಲಸ ಸಾಧ್ಯವೇ" ಎಂಬುದಕ್ಕೆ ಉತ್ತರ ಕೊಡುವ ಎರಡನೇ ಬಗೆಗೆ ಎರಡು ತಿಂಗಳು. ನಿಮಗೆ ಬೇಕಾದದ್ದು ಎರಡನೆಯದು. ಶುಲ್ಕವಿಲ್ಲ, ಮಾಲೀಕರೇ ಆಗಿರಬೇಕೆಂದೂ ಇಲ್ಲ. ನಮೂನೆಯ ಜೊತೆ ಜಾಗದ ನಕ್ಷೆ, ಕೊಟ್ಟಿಗೆಯ ಸ್ಥಿತಿ, ಮಾಡಬೇಕೆಂದಿರುವ ಕೆಲಸದ ಒಂದು ಪುಟದ ವಿವರಣೆ ಇಟ್ಟು ಊರ ಕಚೇರಿಗೆ, ಅಂದರೆ ಮೇರಿಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅನುಕೂಲವಾಗಿ ಬಂದರೆ ಅದಕ್ಕೆ 18 ತಿಂಗಳ ಬೆಲೆ ಇದೆ. ಅಷ್ಟರೊಳಗೆ ನಿಯಮ ಬದಲಾದರೂ ನಿಮ್ಮ ಅರ್ಜಿಗೆ ಹಳೆಯ ನಿಯಮವೇ. ಅರ್ಜಿ ಬರೆಯುವ ಮುಂಚೆ ಜಿಲ್ಲೆಯ ವಾಸ್ತುಶಿಲ್ಪ ಸಲಹಾ ಕೇಂದ್ರದಲ್ಲಿ ಒಂದು ಭೇಟಿಗೆ ಸಮಯ ಕೇಳಿ. ಮನೆ ಮಾಡಿಕೊಳ್ಳುವವರಿಗೆ ಅಲ್ಲಿ ಸಲಹೆ ಉಚಿತ. ಈ ಸೌಲಭ್ಯ ಗೊತ್ತಿಲ್ಲದೆ ದುಡ್ಡು ಸುರಿಯುವವರು ಬಹಳ.

"ಮೊದಲು ಕಟ್ಟಿ, ಆಮೇಲೆ ಸಕ್ರಮ" ಎಂದವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಅಲ್ಲಿ ಅದು ಅಪರಾಧ. ದಂಡ 1,200 ಯೂರೋದಿಂದ ಶುರುವಾಗಿ ಕಟ್ಟಿದ ಪ್ರತಿ ಚದರ ಮೀಟರ್‌ಗೆ 6,000 ಯೂರೋವರೆಗೆ ಹೋಗಬಹುದು, ಕೆಡವಲು ಆದೇಶವೂ ಆಗಬಹುದು. ಕ್ರಿಮಿನಲ್ ಮೊಕದ್ದಮೆಗೆ ಕೆಲಸ ಮುಗಿದ ಮೇಲೆ 6 ವರ್ಷ ಕಾಲಾವಕಾಶವಿದೆ, ಕಮ್ಯೂನ್ ಹೂಡುವ ಸಿವಿಲ್ ದಾವೆಗೆ 10 ವರ್ಷ. ವಿದ್ಯುತ್ ಸಂಪರ್ಕ ನಿರಾಕರಿಸಬಹುದು. ಇನ್ನು ಮಾರುವ ದಿನ ಬಂದಾಗ ನೋತೇರ್, ಅಂದರೆ ಕ್ರಯಪತ್ರ ಮಾಡಿಸುವ ಕಾನೂನು ಅಧಿಕಾರಿ, ಕೇಳುವ ಮೊದಲ ಕಾಗದಗಳಲ್ಲಿ ಪರವಾನಗಿ ಮತ್ತು ಕೆಲಸ ಮುಗಿದ ಘೋಷಣೆ ಇದ್ದೇ ಇರುತ್ತವೆ. ವಾಸದ ಅನುಮತಿ ನವೀಕರಿಸಿಕೊಳ್ಳುತ್ತಾ ಬದುಕುವ ವಿದೇಶಿ ಕುಟುಂಬಕ್ಕೆ ಈ ತಲೆನೋವು ಖಂಡಿತ ಬೇಡ. ಹಾಗೆಯೇ, ಮನೆ ಕೊಂಡರೆ ವಾಸದ ಅನುಮತಿ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದೂ ಸುಳ್ಳು. ಎರಡಕ್ಕೂ ಸಂಬಂಧವಿಲ್ಲ.

ಇನ್ನು ಸೆಪ್ಟಿಕ್ ಟ್ಯಾಂಕ್. ನಿಮ್ಮ ಬೇರೆಲ್ಲ ಚಿಂತೆಗಳಿಗಿಂತ ಖಚಿತವಾದ ಖರ್ಚು ಇದೇ. "ನಲವತ್ತು ವರ್ಷದಿಂದ ತೊಂದರೆ ಕೊಟ್ಟಿಲ್ಲ" ಎಂದರೆ ನೀರು ಎಲ್ಲೋ ಹೋಗುತ್ತಿದೆ ಎಂದಷ್ಟೇ ಅರ್ಥ. ಹಳೇ ಮನೆಗಳಲ್ಲಿ ಕಾಣುವುದು ಹೀಗೆ: ಶೌಚದ ನೀರು ಸಣ್ಣ ತೊಟ್ಟಿಗೆ, ಅಲ್ಲಿಂದ ಕಲ್ಲು ತುಂಬಿದ ಇಂಗುಗುಂಡಿಗೆ, ಅಡುಗೆಮನೆ, ಬಚ್ಚಲಿನ ನೀರು ನೇರ ರಸ್ತೆ ಬದಿಯ ಚರಂಡಿಗೆ. ಮಳೆ ಬಂದ ಮರುದಿನ ಚರಂಡಿಯ ಹತ್ತಿರ ನಿಂತು ನೋಡಿ. ಬೂದು ಬಣ್ಣದ ನೊರೆ, ಕಡುಹಸಿರು ಹುಲ್ಲಿನ ಪಟ್ಟಿ ಕಂಡರೆ ಉತ್ತರ ಸಿಕ್ಕಂತೆ.

ಚರಂಡಿ ಜಾಲಕ್ಕೆ ಸೇರದ ಮನೆಗಳ ಉಸ್ತುವಾರಿಗೆ ಸ್ಪಾಂಕ್ ಎಂಬ ಸಾರ್ವಜನಿಕ ಸೇವೆ ಇದೆ. ಮಾರುವವರು 3 ವರ್ಷದೊಳಗಿನ ಸ್ಪಾಂಕ್ ವರದಿ ಕೊಡಲೇಬೇಕು, ಇಲ್ಲದಿದ್ದರೆ ಅವರ ಖರ್ಚಿನಲ್ಲಿ ಹೊಸದು ಮಾಡಿಸಬೇಕು. ನಿಯಮಕ್ಕೆ ಹೊಂದುವುದಿಲ್ಲ ಎಂದು ವರದಿ ಬಂದರೂ ಮಾರಾಟಕ್ಕೆ ತಡೆಯಿಲ್ಲ. ಆದರೆ ಕ್ರಯವಾದ ದಿನದಿಂದ ಒಂದು ವರ್ಷದೊಳಗೆ ಸರಿಪಡಿಸುವ ಹೊಣೆ ಕೊಂಡವರ ತಲೆಗೆ ಬರುತ್ತದೆ. ಸಾಮಾನ್ಯವಾಗಿ 8,000ದಿಂದ 15,000 ಯೂರೋ. ಅದನ್ನು ಚೌಕಾಸಿ ಮಾಡಬೇಕಾದದ್ದು ಈಗ. ಸಹಿಯಾದ ಮೇಲೆ ಯಾರೂ ಒಂದು ಯೂರೋ ಬಿಡುವುದಿಲ್ಲ.

ಗಾತ್ರ ನಿಗದಿಯಾಗುವುದು ಅಡುಗೆಮನೆ, ಬಚ್ಚಲು ಬಿಟ್ಟು ಉಳಿದ ಮುಖ್ಯ ಕೋಣೆಗಳ ಲೆಕ್ಕದಲ್ಲಿ. ಐದು ಕೋಣೆಯವರೆಗೆ ಕನಿಷ್ಠ 3 ಘನ ಮೀಟರ್ ತೊಟ್ಟಿ, ನಂತರ ಪ್ರತಿ ಕೋಣೆಗೆ ಒಂದೊಂದು ಹೆಚ್ಚು. ನಿಮ್ಮ ಮನೆ ಮಾತ್ರವಾದರೆ 3, ಕೊಟ್ಟಿಗೆಯ ಎರಡು ಕೋಣೆ ಸೇರಿ ಏಳಾದರೆ 5. ಕೊಟ್ಟಿಗೆಯ ವಿಷಯ ಇತ್ಯರ್ಥವಾಗದೆ ಕೊಳಚೆ ಕೆಲಸ ಶುರು ಮಾಡಬಾರದು ಎನ್ನುವುದು ಇದಕ್ಕೇ. ಆ ಭಾಗದ ಮಣ್ಣು ಬಹಳ ಕಡೆ ಸುಣ್ಣಗಲ್ಲು ಬೆರೆತ ಜೇಡಿ. ನೀರು ಇಂಗುವುದಿಲ್ಲ. ಹಾಗಾಗಿ ತೊಟ್ಟಿಯಿಂದ ಬಂದ ನೀರನ್ನು ನೆಲದಲ್ಲಿ ಹರಡುವ ಕಾಲುವೆಗಳು ಕೆಲಸ ಮಾಡದೆ, ಮರಳಿನ ಶೋಧಕ ಬೇಕಾಗುತ್ತದೆ: ತೊಳೆದ ಸಿಲಿಕಾ ಮರಳು 70 ಸೆಂಟಿಮೀಟರ್ ದಪ್ಪಕ್ಕೆ, ಪ್ರತಿ ಕೋಣೆಗೆ 5 ಚದರ ಮೀಟರ್, ಕನಿಷ್ಠ 20. ಐದು ಕೋಣೆಗೆ 25, ಏಳಕ್ಕೆ 35. ಅದು ಮನೆಯಿಂದ 5 ಮೀಟರ್, ಬೇಲಿಯಿಂದ ಮತ್ತು ಮರಗಳಿಂದ 3 ಮೀಟರ್, ಕುಡಿಯುವ ನೀರಿನ ಬಾವಿಯಿಂದ 35 ಮೀಟರ್ ದೂರವಿರಬೇಕು. ಮೇಲೆ ಕಾರು ನಿಲ್ಲಿಸುವಂತಿಲ್ಲ, ಗಿಡ ನೆಡುವಂತಿಲ್ಲ. 22 ಗುಂಟೆಯಲ್ಲಿ ಜಾಗ ಸಿಗುತ್ತದೆ, ಆದರೆ ಇಳಿಜಾರು ಯಾವ ಕಡೆಗಿದೆ ನೋಡಿ. ಶೋಧಕದಿಂದ ನೀರು ಹೊರಬರುವ ಮಟ್ಟ ಒಳಹೋಗುವ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೇ ಇರುತ್ತದೆ. ನೆಲ ಸಮತಟ್ಟಾಗಿದ್ದರೆ ಪಂಪ್ ಬೇಕು.

ಶೋಧಿಸಿದ ನೀರನ್ನು ಚರಂಡಿಗೆ ಬಿಡಲು ಆ ಚರಂಡಿಯ ಒಡೆಯರ ಲಿಖಿತ ಒಪ್ಪಿಗೆ ಬೇಕು. ಊರ ರಸ್ತೆಯದಾದರೆ ಕಮ್ಯೂನ್, ಜಿಲ್ಲಾ ರಸ್ತೆಯದಾದರೆ ಜಿಲ್ಲೆ, ಹೊಲದ್ದಾದರೆ ರೈತ. ಈ ಒಂದು ಪತ್ರಕ್ಕಾಗಿ ತಿಂಗಳುಗಟ್ಟಲೆ ಕೆಲಸ ನಿಲ್ಲುವುದಿದೆ.

ಮರಳು ಶೋಧಕಕ್ಕೆ ಬದಲಾಗಿ ಕಡಿಮೆ ಜಾಗದ ಎರಡು ಬಗೆಗಳಿವೆ. ತೆಂಗಿನ ನಾರು ಅಥವಾ ಜಿಯೋಲೈಟ್ ಎಂಬ ಖನಿಜ ತುಂಬಿದ ಸಿದ್ಧ ಶೋಧಕ ಒಂದು. ವಿದ್ಯುತ್ ಬೇಡ, ಆದರೆ ಒಳಗಿನ ವಸ್ತುವನ್ನು ಹಲವು ವರ್ಷಕ್ಕೊಮ್ಮೆ ಬದಲಿಸಬೇಕು. ಗಾಳಿ ಊದಿ ಶುದ್ಧೀಕರಿಸುವ ಮೈಕ್ರೋ ಸ್ಟೇಷನ್ ಇನ್ನೊಂದು. ವಿದ್ಯುತ್ ಸದಾ ಬೇಕು, ನಿರ್ವಹಣೆ ಹೆಚ್ಚು, ಮತ್ತು ವಾರಗಟ್ಟಲೆ ಖಾಲಿ ಬಿದ್ದಿರುವ ಬಾಡಿಗೆ ಮನೆಗೆ ಅದರ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಮಾರಾಟಗಾರರು ಇದನ್ನೇ ಹೊಗಳುತ್ತಾರೆ, ನಿಮ್ಮ ಬಳಕೆಗೆ ನಾನು ಸೂಚಿಸುವುದಿಲ್ಲ. ವಿದ್ಯುತ್ ಬಳಸದ ವ್ಯವಸ್ಥೆಗೆ 10,000 ಯೂರೋವರೆಗೆ ಬಡ್ಡಿಯಿಲ್ಲದ ಸಾಲವೂ ಇದೆ, ಬ್ಯಾಂಕಿನಲ್ಲಿ ಕೇಳಿ.

ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಎಲ್ಲಿ ಎಂದರೆ, ಗುತ್ತಿಗೆದಾರ ಸ್ಪಾಂಕ್ ತಪಾಸಣೆಗೆ ಕಾಯದೆ ಗುಂಡಿ ಮುಚ್ಚಿಬಿಡುವುದು. ತಪಾಸಣೆ ಆಗಬೇಕಾದದ್ದು ಕೊಳವೆ, ಮರಳು ಕಣ್ಣಿಗೆ ಕಾಣುವಾಗ. ಮುಚ್ಚಿದರೆ ಮತ್ತೆ ಅಗೆಸುತ್ತಾರೆ. ಎರಡನೆಯದು ಗಾಳಿ ಕೊಳವೆ: 100 ಮಿಲಿಮೀಟರ್ ವ್ಯಾಸದ್ದು ಮಾಡಿಗಿಂತ ಮೇಲಕ್ಕೆ ಹೋಗಬೇಕು. ಅದನ್ನು ಗೋಡೆಯ ಬುಡದಲ್ಲೇ ಬಿಟ್ಟರೆ ವಾಸನೆ ಮನೆಯೊಳಗೆ. ಮಳೆನೀರನ್ನು ಎಂದೂ ತೊಟ್ಟಿಗೆ ಬಿಡಬೇಡಿ. ಅಡುಗೆಮನೆ ತೊಟ್ಟಿಯಿಂದ 10 ಮೀಟರ್‌ಗಿಂತ ದೂರವಿದ್ದರೆ 200 ಲೀಟರಿನ ಜಿಡ್ಡು ತಡೆಯುವ ಪೆಟ್ಟಿಗೆ ಹಾಕಿಸಿ. ಕರಿಯುವ, ಒಗ್ಗರಣೆ ಹಾಕುವ ನಮ್ಮ ಅಡುಗೆಗೆ ಅದು ನಿಜಕ್ಕೂ ಬೇಕು, ಎಣ್ಣೆ ದಾರಿಯಲ್ಲೇ ಹೆಪ್ಪುಗಟ್ಟಿ ಕೊಳವೆ ಕಟ್ಟುತ್ತದೆ.

ಉತ್ತರದ ಗೋಡೆಯ ಶೀತಕ್ಕೆ ಹೆದರಬೇಡಿ. ಆದರೆ ಅದಕ್ಕೆ ಯಾರಾದರೂ ರಾಸಾಯನಿಕ ಚುಚ್ಚಿಸಿ ಎಂದರೆ ಒಪ್ಪಬೇಡಿ. ಆ ಮನೆಗಳ ಗೋಡೆ 50-60 ಸೆಂಟಿಮೀಟರ್ ದಪ್ಪ, ಎರಡು ಮುಖಕ್ಕೆ ಸುಣ್ಣಗಲ್ಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಕೆಳಗೆ ತೇವ ತಡೆಯುವ ಪದರವಿಲ್ಲ. ನೆಲದ ತೇವ ಮೇಲೇರುವುದು ಸಹಜ, ಸುಣ್ಣದ ಗಾರೆಯ ಸಂದುಗಳಿಂದ ಆರಿಹೋಗುವುದೂ ಸಹಜ. ಮಧ್ಯೆ ಯಾರೋ ಸಿಮೆಂಟ್ ಗಿಲಾವು ಮಾಡಿಸಿದಾಗ ಆರುವ ದಾರಿ ಮುಚ್ಚಿತು. ತೇವ ಇನ್ನೂ ಮೇಲೇರಿ ಒಳಮುಖಕ್ಕೆ ಬಂತು. ನೀವು ನೋಡಿದ ಸೊಂಟದ ಎತ್ತರದ ಗುರುತು ಬಹುಶಃ ಅದೇ. ಹೊರಗಡೆ ಬೆರಳಿನ ಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಸಿಮೆಂಟ್ ಕಲ್ಲಿನಿಂದ ಬಿಟ್ಟಿದೆ, ತೆಗೆಯುವುದು ಸುಲಭ.

ಕೆಲಸದ ಕ್ರಮ ಮುಖ್ಯ. ಮೊದಲು ಸೂರಿನ ದೋಣಿ, ಇಳಿಕೊಳವೆ ಸರಿ ಮಾಡಿಸಿ. ಹೊರಗಿನ ಮಣ್ಣು ಒಳನೆಲಕ್ಕಿಂತ ಎತ್ತರವಿದ್ದರೆ ತಗ್ಗಿಸಿ. ಬುಡದಿಂದ ಸಿಮೆಂಟ್ ಕೀಳಿಸಿ ಕನಿಷ್ಠ ಒಂದು ಬೇಸಿಗೆ ಗೋಡೆಯನ್ನು ಬರಿದಾಗಿ ಒಣಗಲು ಬಿಡಿ. ಆಮೇಲೆ ಸುಣ್ಣ, ಮರಳಿನ ಗಾರೆಯಲ್ಲಿ ಮೂರು ಪದರ: ಎರಚಿದ ತೆಳು ಪದರ, ಮುಖ್ಯ ಪದರ, ಮುಗಿತಾಯದ ಪದರ. ಹವೆ 5 ಡಿಗ್ರಿಗಿಂತ ಕೆಳಗಿದ್ದಾಗ, ಮಂಜುಗಡ್ಡೆಯ ರಾತ್ರಿಗಳಲ್ಲಿ, ಸುಡುಬಿಸಿಲಲ್ಲಿ ಮಾಡಿಸಬೇಡಿ. ಒಳಗಡೆ ಉಷ್ಣ ಕಾಪಾಡಲು ಥರ್ಮೋಕೋಲ್ ಹಲಗೆ ಅಂಟಿಸಿ ಜಿಪ್ಸಂ ಮುಚ್ಚುವುದು ಇದೇ ತಪ್ಪಿನ ಇನ್ನೊಂದು ರೂಪ. ಸುಣ್ಣ ಬೆರೆಸಿದ ಸೆಣಬಿನ (ಹೆಂಪ್) ಕಡ್ಡಿ ಅಥವಾ ಮರದ ನಾರಿನ ಹಲಗೆ ದುಬಾರಿಯಾದರೂ ಗೋಡೆಯನ್ನು ಉಸಿರಾಡಲು ಬಿಡುತ್ತವೆ. ಮನೆಯ ಶಕ್ತಿ ದರ್ಜೆ (ಎ ಅತ್ಯುತ್ತಮ, ಜಿ ಕೊನೆಯದು) ಇ, ಎಫ್ ಅಥವಾ ಜಿ ಆಗಿದ್ದರೆ ಮಾರುವವರು ಶಕ್ತಿ ಲೆಕ್ಕ ತಪಾಸಣೆಯ ವರದಿಯನ್ನೂ ಕೊಡಬೇಕು, ಕೇಳಿ ಪಡೆಯಿರಿ. ಮನೆ ಬಿಸಿ ಮಾಡಲು ಡೀಸೆಲ್ ಮಾದರಿಯ ಎಣ್ಣೆ ಬಾಯ್ಲರ್ ಇದ್ದರೆ, ಅದು ಕೆಟ್ಟ ಮೇಲೆ ಅದೇ ಬಗೆಯ ಹೊಸದು ಹಾಕಿಸುವಂತಿಲ್ಲ. 2022ರ ಜುಲೈನಿಂದ ನಿಷೇಧವಿದೆ.

ಜೇಡಿಮಣ್ಣಿನಿಂದ ಬರುವ ಇನ್ನೊಂದು ಅಪಾಯ ಬಿರುಕು. ಬೇಸಿಗೆಯಲ್ಲಿ ಮಣ್ಣು ಕುಗ್ಗಿ, ಮಳೆಗೆ ಉಬ್ಬಿ ಪಾಯ ಅಲುಗುತ್ತದೆ. ಮೆಟ್ಟಿಲಿನ ಹಾಗೆ ಓರೆಯಾಗಿ ಹೋದ ಬಿರುಕುಗಳಿವೆಯೇ, ಕಿಟಕಿ ಮೂಲೆಯಿಂದ ಹೊರಟಿವೆಯೇ ನೋಡಿ. "ಜಿಯೋರಿಸ್ಕ್" ಜಾಲತಾಣದಲ್ಲಿ ಆ ಸರ್ವೆ ನಂಬರಿನ ಅಪಾಯದ ಮಟ್ಟ ಸಿಗುತ್ತದೆ. ಹಿಂದೆ ಬರಗಾಲದ ವಿಮೆ ಪರಿಹಾರ ಪಡೆದಿದ್ದರೆ ಆ ಕಡತ, ದುರಸ್ತಿಯ ಬಿಲ್ಲು ಕೇಳಿ. ಈ ಪರಿಹಾರಕ್ಕೆ ಮೇಯರ್ ಅರ್ಜಿ ಹಾಕಿ, ಸರ್ಕಾರ ಕಮ್ಯೂನನ್ನು ವಿಪತ್ತು ಪೀಡಿತ ಎಂದು ಘೋಷಿಸಬೇಕು. ಘೋಷಣೆ ಪ್ರಕಟವಾದ 30 ದಿನದೊಳಗೆ ನೀವು ವಿಮೆಗೆ ತಿಳಿಸಬೇಕು, ನಿಮ್ಮ ಪಾಲಿನ ಕಡಿತ 1,520 ಯೂರೋ. ಬಿರುಕು ಕಂಡ ದಿನವೇ ಫೋಟೊ ಸಮೇತ ಮೇರಿಗೆ ಪತ್ರ ಕೊಡಿ, ಊರಿನಿಂದ ದೂರು ಹೋಗದೆ ಘೋಷಣೆ ಆಗುವುದಿಲ್ಲ. ತಾರ್ನ್ ಕಡೆ ಗೆದ್ದಲೂ ಇದೆ, ಗೆದ್ದಲು ವರದಿಗೆ 6 ತಿಂಗಳಷ್ಟೇ ಬೆಲೆ.

ಶಾಲೆ. ಎರಡು ಮೂರು ಊರು ಸೇರಿ ತರಗತಿಗಳನ್ನು ಹಂಚಿಕೊಳ್ಳುವುದು ಶಾಲೆ ಸಾಯುತ್ತಿರುವ ಲಕ್ಷಣವಲ್ಲ, ಬಹಳ ಕಡೆ ಅದೇ ಶಾಲೆಯನ್ನು ಉಳಿಸಿದೆ. ಕಟ್ಟಡ, ಊಟದ ಮನೆ, ಸಹಾಯಕಿ ಊರಿನ ಹೊಣೆ, ಶಿಕ್ಷಕರು ಸರ್ಕಾರದವರು. ಯಾವ ತರಗತಿ ತೆರೆಯಬೇಕು, ಯಾವುದು ಮುಚ್ಚಬೇಕು ಎಂದು ಜಿಲ್ಲಾ ಶಿಕ್ಷಣಾಧಿಕಾರಿ ಪ್ರತಿ ವರ್ಷ ಮಕ್ಕಳ ಸಂಖ್ಯೆ ನೋಡಿ ನಿರ್ಧರಿಸುತ್ತಾರೆ, ಮಾತು ಎದ್ದೇಳುವುದು ಚಳಿಗಾಲದ ಕೊನೆಗೆ. ಅಷ್ಟು ಸಣ್ಣ ಶಾಲೆಗೆ ನಿಮ್ಮ ಇಬ್ಬರು ಮಕ್ಕಳು ದೊಡ್ಡ ಸಂಖ್ಯೆ. ಮೇಯರ್ ಮುಖದಲ್ಲಿ ಅದು ಕಾಣುತ್ತದೆ. ಕೇಳಬೇಕಾದದ್ದು: 8 ವರ್ಷದವರ ತರಗತಿ ಯಾವ ಊರಲ್ಲಿ, 4 ವರ್ಷದವರದು ಯಾವ ಊರಲ್ಲಿ, ನಡುವೆ ಬಸ್ ಎಷ್ಟು ಗಂಟೆಗೆ, ಬಸ್ಸಿನಲ್ಲಿ ಚಿಕ್ಕವರ ಜೊತೆ ಯಾರಿರುತ್ತಾರೆ, ಸಂಜೆ ಎಷ್ಟು ಗಂಟೆಯವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಮಾಂಸವಿಲ್ಲದ ಊಟ ಸಿಗುತ್ತದೆಯೇ. 3 ವರ್ಷದಿಂದಲೇ ಶಿಕ್ಷಣ ಕಡ್ಡಾಯ, ಹಾಗಾಗಿ ಚಿಕ್ಕವರಿಗೂ ಈಗಲೇ ಸೀಟು ಬೇಕು. ಬೇರೆ ಊರಿನ ಶಾಲೆಗೆ ಹಾಕುವುದಾದರೆ ಕಾರಣ ತೋರಿಸಬೇಕು. ತಂದೆತಾಯಿ ಇಬ್ಬರೂ ದುಡಿಯುವವರಾಗಿದ್ದು ಊರಲ್ಲಿ ಊಟದ ಅಥವಾ ಪಾಲನೆಯ ವ್ಯವಸ್ಥೆ ಇಲ್ಲದಿದ್ದರೆ ಅದು ಸರಿಯಾದ ಕಾರಣ.

ಜನ ಸೇರಿಸಿಕೊಳ್ಳುತ್ತಾರಾ ಎಂದು ಕೇಳಿದ್ದೀರಿ. ಎಲ್ಲರೂ ಕೈ ಹಿಡಿದು ಕರೆದುಕೊಳ್ಳುತ್ತಾರೆ ಎಂದು ನಾನು ಮಾತು ಕೊಡಲಾರೆ. ಒಬ್ಬಿಬ್ಬರು ಮುಖ ತಿರುಗಿಸುವುದೂ ಉಂಟು, ಅದು ನೋಯಿಸುತ್ತದೆ. ಆದರೆ ಇಂಥ ಊರುಗಳಲ್ಲಿ ದೂರು ಬರುವುದು ಹೊರಗಿನವರು ಬಂದರೆಂದಲ್ಲ. ಬೇಸಿಗೆಗೆ ಬಂದು ಬಾಗಿಲು ತೆರೆದು, ಉಳಿದ ಹತ್ತು ತಿಂಗಳು ಕಿಟಕಿ ಮುಚ್ಚಿಕೊಂಡಿರುವ ಮನೆಗಳ ಬಗ್ಗೆ. ವರ್ಷಪೂರ್ತಿ ಇರುವ, ಮಕ್ಕಳನ್ನು ಅಲ್ಲೇ ಓದಿಸುವ ಕುಟುಂಬ ಬೇರೆ ತೂಕದ್ದು. ಅಂಗಡಿಗೆ ಕಾಲಿಟ್ಟ ಕೂಡಲೇ, ಏನನ್ನೂ ಕೇಳುವ ಮುಂಚೆ, ಎಲ್ಲರಿಗೂ ಕೇಳುವಂತೆ "ಬೊಂಜೂರ್" ಹೇಳಿ. ಹೇಳದಿದ್ದರೆ ಅದನ್ನು ಒರಟುತನ ಎಂದೇ ತಿಳಿಯುತ್ತಾರೆ. ಜನವರಿಯಲ್ಲಿ ಮೇಯರ್ ಹೊಸವರ್ಷದ ಶುಭಾಶಯಕ್ಕೆ ಊರನ್ನು ಕರೆಯುತ್ತಾರೆ, ನವೆಂಬರ್ 11ರಂದು ಯುದ್ಧ ಸ್ಮಾರಕದ ಮುಂದೆ ಸೇರುತ್ತಾರೆ, ಎರಡಕ್ಕೂ ಹೋಗಿ. ಬೇಸಿಗೆಯ ಊರಹಬ್ಬ ನಡೆಸುವ ಸಮಿತಿಗೆ ಮೇಜು ಹಾಕುವ, ತಟ್ಟೆ ತೊಳೆಯುವ ಕೈಗಳು ಯಾವತ್ತೂ ಸಾಲುವುದಿಲ್ಲ. ಭಾರತೀಯ ಪೌರರಾಗಿ ನಿಮಗೆ ಊರ ಚುನಾವಣೆಯಲ್ಲಿ ಮತವಿಲ್ಲ, ಆದರೆ ಸಂಘಗಳಲ್ಲಿ ಸದಸ್ಯರೂ ಪದಾಧಿಕಾರಿಗಳೂ ಆಗಬಹುದು.

ನೀವೂ ಊರನ್ನು ಸಹಿಸಿಕೊಳ್ಳಬೇಕು. ಕೋಳಿ ಕೂಗು, ಗಂಟೆ ಸದ್ದು, ಸಗಣಿ ವಾಸನೆಯ ಬಗ್ಗೆ ಹೊರಗಿನವರು ಕೋರ್ಟಿಗೆ ಹೋದ ಪ್ರಕರಣಗಳಾದ ಮೇಲೆ 2021ರ ಜನವರಿಯಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಪರಂಪರೆ ಎಂದು ಗುರುತಿಸುವ ಕಾನೂನೇ ಬಂತು. ಬಾಡಿಗೆಗೆ ಬರುವವರಿಗೆ ಇದನ್ನು ಮೊದಲೇ ಬರೆದು ತಿಳಿಸಿ. ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ಬೇಟೆಯ ಕಾಲ. ಊರ ಬೇಟೆ ಸಂಘವಿರುವ ಕಡೆ ಮನೆಯ ಸುತ್ತ 150 ಮೀಟರ್ ಅದರ ಬೇಟೆ ಪ್ರದೇಶದಿಂದ ಹೊರಗೆ, ಆದರೂ ಮಕ್ಕಳು ಕಾಡಿನ ದಾರಿಯಲ್ಲಿ ನಡೆಯುವಾಗ ಕಿತ್ತಳೆ ಬಣ್ಣದ ಅಂಗಿ ಇರಲಿ.

ಕೊನೆಗೆ ಕಾಗದಪತ್ರ. ಮಾರುವವರ ನೋತೇರ್ ಇದ್ದರೂ ನೀವು ನಿಮ್ಮದೇ ನೋತೇರ್ ಇಟ್ಟುಕೊಳ್ಳಬಹುದು. ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ, ನಿಮಗೆ ಹೆಚ್ಚು ಬೀಳುವುದಿಲ್ಲ. ಮನೆ ಬೆಲೆಯ ಮೇಲೆ ತೆರಿಗೆ, ನೋಂದಣಿ ಎಲ್ಲ ಸೇರಿ ಸುಮಾರು ಶೇ. 8 ಇಟ್ಟುಕೊಳ್ಳಿ. ಕರಾರು ಪತ್ರ ನಿಮ್ಮ ಕೈ ಸೇರಿದ ಮರುದಿನದಿಂದ 10 ದಿನ, ಕಾರಣ ಹೇಳದೆ ಹಿಂದೆ ಸರಿಯಬಹುದು. ಅದಾದ ಮೇಲೆ ಶರತ್ತುಗಳೇ ನಿಮಗೆ ಆಸರೆ. ಮುಂಗಡ ಸಾಮಾನ್ಯವಾಗಿ ಶೇ. 5ರಿಂದ 10, ಅದು ನೋತೇರ್ ಖಾತೆಯಲ್ಲೇ ಇರಲಿ. ಕೃಷಿ ವಲಯದ ಜಾಗವಾದರೆ ಭೂ ಸಂಸ್ಥೆ ಸಾಫೇರ್‌ಗೆ ನೋಟಿಸು ಹೋಗಿ, ಕೊಳ್ಳುವ ಮೊದಲ ಹಕ್ಕನ್ನು ಚಲಾಯಿಸಲು ಅದಕ್ಕೆ ಎರಡು ತಿಂಗಳು ಸಮಯವಿರುತ್ತದೆ.

ಈಗ ನಿಮ್ಮ ಮುಂದೆ ಮೂರು ದಾರಿ. ಪ್ರಮಾಣಪತ್ರ ಬರುವವರೆಗೆ ಎರಡು ತಿಂಗಳು ಕಾಯುವುದು ಮೊದಲನೆಯದು, ಮನೆ ಬೇರೆಯವರ ಪಾಲಾಗುವ ಅಪಾಯವಿದೆ. ಎರಡನೆಯದು, ಕೊಟ್ಟಿಗೆಯ ಪರವಾನಗಿ ಸಿಕ್ಕಿ ನೆರೆಯವರ ಆಕ್ಷೇಪಣೆಯ ಅವಧಿಯೂ ಮುಗಿದರೆ ಮಾತ್ರ ಕ್ರಯ ಎಂಬ ಶರತ್ತಿನೊಂದಿಗೆ ಸಹಿ. ಪರವಾನಗಿಗೆ ಎರಡು ಮೂರು ತಿಂಗಳು, ಜಾಗದಲ್ಲಿ ಫಲಕ ನೆಟ್ಟ ಮೇಲೆ ಆಕ್ಷೇಪಣೆಗೆ ಎರಡು ತಿಂಗಳು, ನಕ್ಷೆಗೆ ಮುಂಚಿನ ಸಮಯ ಬೇರೆ. ಮಾರುವವರು ಇಷ್ಟು ಕಾಯಲು ಒಪ್ಪುವುದು ಕಡಿಮೆ. ಮೂರನೆಯದು, ಕೊಟ್ಟಿಗೆಯನ್ನು ಬರೀ ಕೊಟ್ಟಿಗೆ ಎಂದು ಬೆಲೆ ಕಟ್ಟಿ, ಅದು ಮನೆಯಾಗದಿದ್ದರೂ ನಷ್ಟವಿಲ್ಲ ಎನ್ನುವ ಮೊತ್ತಕ್ಕೆ ಕೊಳ್ಳುವುದು. ನೀವು ಹೋಗುವುದು ವಾಸಕ್ಕಾಗಿ, ಬಾಡಿಗೆಯಿಂದ ಬದುಕಲು ಅಲ್ಲ. ಹಾಗಾಗಿ ನನ್ನ ಮತ ಮೂರನೆಯದಕ್ಕೆ. ಸ್ಪಾಂಕ್ ವರದಿ ನೋಡಿ, ಇಬ್ಬರು ಗುತ್ತಿಗೆದಾರರಿಂದ ಕೊಳಚೆ ಕೆಲಸದ ಲಿಖಿತ ಅಂದಾಜು ತರಿಸಿ, ಆ ಮೊತ್ತ ಕಳೆದು ಬೆಲೆ ಹೇಳಿ. ಬೆಲೆ ಕುದುರಿದರೂ ಸಾಲದ ಶರತ್ತು (ಬ್ಯಾಂಕ್ ಸಾಲ ಸಿಗದಿದ್ದರೆ ಕರಾರು ರದ್ದು ಎಂಬುದು) ಬಿಡಬೇಡಿ, ಅದಕ್ಕೆ ಕಾನೂನು ಕೊಡುವುದು ಕನಿಷ್ಠ ಒಂದು ತಿಂಗಳು. ನೀವು ಎರಡು ತಿಂಗಳು ಕೇಳಿ ಬರೆಸಿಕೊಳ್ಳಿ. ಕೊಟ್ಟಿಗೆಯ ಪ್ರಮಾಣಪತ್ರದ ಅರ್ಜಿಯನ್ನು ಈ ವಾರವೇ ಮೇರಿಗೆ ಕೊಡಿ. ಸಣ್ಣ ಊರಿನ ಕಚೇರಿ ವಾರಕ್ಕೆ ಎರಡು ಮೂರು ಅರ್ಧ ದಿನವಷ್ಟೇ ತೆರೆಯುವುದರಿಂದ ಬಾಗಿಲಿನ ಮೇಲಿನ ಸಮಯ ನೋಡಿಕೊಂಡು ಹೋಗಿ, ಮತ್ತು ಮಾತಾಡಬೇಕಾದದ್ದು ಮೊದಲು ಕಾರ್ಯದರ್ಶಿಯ ಹತ್ತಿರ.